ಹತ್ತು ಗ್ರಾಂ ದಾಟಿದರೆ ಹತ್ತು ವರ್ಷ

ಎಂಜಿನಿಯರಿಂಗ್ ಲ್ಯಾಬಿನಲ್ಲಿ ಒಂದು ಗ್ರಾಂ ಹೆಚ್ಚುಕಡಿಮೆಯಾದರೆ ರೀಡಿಂಗ್ ತಪ್ಪುತ್ತದೆ ಅಷ್ಟೇ. ಇನ್ನೊಮ್ಮೆ ಮಾಡಿದರಾಯಿತು. ಆದರೆ ಒಂದೇ ಒಂದು ಗ್ರಾಂ ಹೆಚ್ಚಾಗಿದ್ದಕ್ಕೆ ಹತ್ತು ವರ್ಷ ಜೈಲಿನಲ್ಲಿ ಕಳೆಯಬೇಕಾಗುವ ಕಾನೂನೊಂದು ನಮ್ಮಲ್ಲಿದೆ. ಅದು 1985ರ ಎನ್‌ಡಿಪಿಎಸ್ ಕಾಯ್ದೆ. ಕಾಲೇಜುಗಳಲ್ಲಿ ಮಾದಕ ವಸ್ತುಗಳ ವಿರುದ್ಧ ಜಾಥಾ ನಡೆಯುತ್ತದೆ, ಪ್ರತಿಜ್ಞೆ ಬೋಧಿಸುತ್ತಾರೆ. ಶಿಕ್ಷೆಯ ಲೆಕ್ಕವನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ‘ಸಿಕ್ಕಿಬಿದ್ದರೆ ದಂಡ ಕಟ್ಟಿ ಬಂದರಾಯ್ತು’ ಎಂದು ನಂಬಿದವರು ನಮ್ಮ ಹಾಸ್ಟೆಲ್‌ನಲ್ಲೇ ಇದ್ದಾರೆ.

ಈ ಕಾಯ್ದೆಯಲ್ಲಿ ಶಿಕ್ಷೆ ನಿಂತಿರುವುದು ತೂಕದ ಮೇಲೆ. ಗಾಂಜಾ 1 ಕೆ.ಜಿ.ಯೊಳಗಿದ್ದರೆ ‘ಅಲ್ಪ ಪ್ರಮಾಣ’. ಒಂದು ವರ್ಷದವರೆಗೆ ಜೈಲು, ಇಲ್ಲವೇ 10 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ಕೆ.ಜಿ. ದಾಟಿದರೆ ‘ವಾಣಿಜ್ಯ ಪ್ರಮಾಣ’. ಕನಿಷ್ಠ 10, ಗರಿಷ್ಠ 20 ವರ್ಷ ಕಠಿಣ ಸಜೆ, ಜೊತೆಗೆ 1ರಿಂದ 2 ಲಕ್ಷ ರೂಪಾಯಿ ದಂಡ. ನಡುವಿನದಕ್ಕೆ 10 ವರ್ಷದವರೆಗೆ ಸಜೆ. ಎಂಡಿಎಂಎ ಆದರೆ 10 ಗ್ರಾಂ ದಾಟಿದರೆ ಸಾಕು, ವಾಣಿಜ್ಯ ಪ್ರಮಾಣವೇ. ಎಲ್‌ಎಸ್‌ಡಿಗೆ ಆ ಗೆರೆ ಬರೀ 100 ಮಿಲಿಗ್ರಾಂ.

ಶುದ್ಧ ಮಾದಕ ವಸ್ತುವನ್ನಷ್ಟೇ ತೂಗುತ್ತಾರೆ ಎಂದುಕೊಳ್ಳಬೇಡಿ. ಅದಕ್ಕೆ ಬೇರೆ ಪುಡಿ ಬೆರೆಸಿದ್ದರೆ ಒಟ್ಟು ಮಿಶ್ರಣದ ತೂಕವನ್ನೇ ಹಿಡಿಯಬೇಕೆಂದು 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಂಚಿನಲ್ಲಿ ಪಾಲಿದ್ದವರಿಗೂ, ಕುಮ್ಮಕ್ಕು ಕೊಟ್ಟವರಿಗೂ ಅಷ್ಟೇ ಶಿಕ್ಷೆ. ವಸ್ತು ನಮ್ಮ ವಶದಲ್ಲಿ ಸಿಕ್ಕಿದರೆ ‘ಒಳಗೇನಿತ್ತೋ ಗೊತ್ತಿರಲಿಲ್ಲ’ ಎಂಬುದನ್ನು ನಾವೇ ಸಾಬೀತು ಮಾಡಬೇಕು. ವಾಣಿಜ್ಯ ಪ್ರಮಾಣದ ಪ್ರಕರಣಗಳಲ್ಲಿ, ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ ಎಂದು ನ್ಯಾಯಾಲಯಕ್ಕೆ ಅನಿಸಿದರೆ ಮಾತ್ರ ಜಾಮೀನು.

ಪಿಯುಸಿಯಲ್ಲಿ ನನ್ನ ಜೊತೆ ಓದಿದ ಹುಡುಗನೊಬ್ಬ ಇಂಥದ್ದೇ ಪ್ರಕರಣದಲ್ಲಿ ಒಳಗಿದ್ದಾನೆ. ಬ್ಯಾಗು ತನ್ನದಲ್ಲ ಅನ್ನುತ್ತಾನೆ. ನಿಜವೋ ಸುಳ್ಳೋ ಕೋರ್ಟು ತೀರ್ಮಾನಿಸಬೇಕು. ಅವನಪ್ಪ ಮಾತ್ರ ಪ್ರತಿ ತಾರೀಕಿಗೂ ಕೂಲಿ ಬಿಟ್ಟು ಬಸ್ಸು ಹತ್ತುತ್ತಾರೆ. ನಾನು ಎದುರಾದಾಗಲೆಲ್ಲ ‘ಈಗ ಎಷ್ಟನೇ ಸೆಮ್ ಮಗಾ?’ ಎಂದು ಕೇಳುತ್ತಾರೆ. ಉತ್ತರ ಹೇಳಲು ಬಾಯಿ ಬರುವುದಿಲ್ಲ.

ನನ್ನನ್ನು ಕಾಡುವುದು ಆ ‘ಕನಿಷ್ಠ 10 ವರ್ಷ’ ಎಂಬ ಮಾತು. ಅಕ್ರಮ ಬಂದೂಕು ಇಟ್ಟುಕೊಂಡವರಿಗೂ ಶಸ್ತ್ರಾಸ್ತ್ರ ಕಾಯ್ದೆ ಕನಿಷ್ಠ ಶಿಕ್ಷೆ ಹೇಳುತ್ತದೆ, 2019ರಲ್ಲಿ ಅದನ್ನು ಹೆಚ್ಚಿಸಿದ್ದೂ ಆಗಿದೆ. ಆದರೂ ಅಲ್ಲಿ ವಿಶೇಷ ಕಾರಣವನ್ನು ತೀರ್ಪಿನಲ್ಲಿ ಬರೆದು ಶಿಕ್ಷೆ ಇಳಿಸಲು ನ್ಯಾಯಾಧೀಶರಿಗೆ ಒಂದು ಕಿಂಡಿ ಇದೆ. ವಾಣಿಜ್ಯ ಪ್ರಮಾಣದ ಮಾದಕ ವಸ್ತುವಿನ ವಿಷಯದಲ್ಲಿ ಆ ಕಿಂಡಿಯೂ ಇಲ್ಲ. ದಂಧೆ ನಡೆಸಿದವನಿಗೂ, ಎರಡು ಸಾವಿರ ರೂಪಾಯಿ ಆಸೆಗೆ ಬ್ಯಾಗು ಹೊತ್ತ ಇಪ್ಪತ್ತರ ಹುಡುಗನಿಗೂ ಅದೇ ಕನಿಷ್ಠ ಶಿಕ್ಷೆ. ಡ್ರಗ್ಸ್ ಮಾರುವವರ ಮೇಲೆ ನನಗೆ ಕನಿಕರವಿಲ್ಲ. ಆದರೆ ತಕ್ಕಡಿ ವಸ್ತುವನ್ನು ತೂಗಬಲ್ಲದು, ಮನುಷ್ಯನ ಪಾತ್ರವನ್ನಲ್ಲ. ಅದನ್ನು ತೂಗುವ ಅಧಿಕಾರ ನ್ಯಾಯಾಧೀಶರಿಗೆ ಇರಬೇಕು ಎಂಬುದು ನನ್ನ ಅನಿಸಿಕೆ.

ಕಾನೂನು ಬದಲಾಗುವುದು ಸಂಸತ್ತಿನಲ್ಲಿ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಎಚ್ಚರ. ‘ಈ ಪಾರ್ಸೆಲ್ ಸ್ವಲ್ಪ ಅಲ್ಲಿಗೆ ಮುಟ್ಟಿಸಿಬಿಡು ಮಚ್ಚಾ’ ಎಂದು ಯಾರಾದರೂ ಕೇಳಿದರೆ, ಸ್ನೇಹ ಕೆಟ್ಟರೂ ಸರಿ, ಒಳಗೇನಿದೆ ಎಂದು ಕೇಳಿ, ಹೇಳದಿದ್ದರೆ ಮುಟ್ಟಬೇಡಿ. ಗೆಳೆಯನೊಬ್ಬ ಈಗಾಗಲೇ ಚಟಕ್ಕೆ ಬಿದ್ದಿದ್ದರೆ ಅವನನ್ನು ಮುಚ್ಚಿಡುವ ಬದಲು ಚಿಕಿತ್ಸೆಗೆ ಕರೆದೊಯ್ಯಿರಿ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣ ಎದುರಿಸುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ, ವಿಚಾರಣೆಯಿಂದ ವಿನಾಯಿತಿ ಕೊಡುವ 64ಎ ಎಂಬ ಕಲಮು ಇದೇ ಕಾಯ್ದೆಯಲ್ಲಿದೆ. ಇಷ್ಟು ಕಠಿಣ ಕಾನೂನು ತೆರೆದಿಟ್ಟ ಬಾಗಿಲು ಅದೊಂದೇ ಇರಬಹುದು. ಅದು ಇದೆ ಎಂಬುದಾದರೂ ನಮಗೆ ಗೊತ್ತಿರಲಿ.