ಒಂದೇ ಕೈ ಸೊರಗಿದಾಗ: 35 ವರ್ಷಗಳ ಸಂಶೋಧನೆ ಕೊಟ್ಟ ಧೈರ್ಯ

*ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಅವರ ಅಧ್ಯಯನ ಆಂಧ್ರದ ಕನ್ನಡಿಗರಿಗೂ ಏಕೆ ಮುಖ್ಯ?*

ಹದಿನೆಂಟು ಇಪ್ಪತ್ತರ ಹರೆಯದ ಹುಡುಗ. ಅಂಗಿಯ ಗುಂಡಿ ಹಾಕಲು ಬಲಗೈ ಬೆರಳುಗಳು ಮಾತು ಕೇಳುತ್ತಿಲ್ಲ. ಅಂಗೈಯ ಮಾಂಸಖಂಡ ಕರಗುತ್ತಿದೆ, ಮುಂಗೈ ಸಣಕಲಾಗುತ್ತಿದೆ. ನೋವಿಲ್ಲ, ಜ್ವರವಿಲ್ಲ, ಎಡಗೈಗೆ ಏನೂ ಆಗಿಲ್ಲ. ಇಂಥ ಸ್ಥಿತಿಯಲ್ಲಿ ಮನೆಯವರನ್ನು ಕಾಡುವುದು ಎರಡು ಭಯ. ಒಂದು, ಕುಷ್ಠವಿರಬಹುದೇ ಎಂಬುದು. ಇನ್ನೊಂದು, ಕೆಲವೇ ವರ್ಷಗಳಲ್ಲಿ ಮೈಯೆಲ್ಲ ಬಲಹೀನವಾಗಿಸಿ ಉಸಿರಾಟಕ್ಕೂ ಸಂಚಕಾರ ತರುವ ಮೋಟಾರ್ ನ್ಯೂರಾನ್ ಕಾಯಿಲೆ ಇದೇ ಇರಬಹುದೇ ಎಂಬುದು.

ಈ ಎರಡೂ ಅಲ್ಲದ, ತಾನಾಗಿಯೇ ಒಂದು ಹಂತದಲ್ಲಿ ನಿಂತುಬಿಡುವ ಮೂರನೆಯ ಕಾಯಿಲೆಯೊಂದಿದೆ ಎಂಬುದನ್ನು ಭಾರತದಲ್ಲಿ ಖಚಿತವಾಗಿ ತೋರಿಸಿಕೊಟ್ಟವರಲ್ಲಿ ಪ್ರಮುಖರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ವಿಭಾಗದ ಪ್ರಾಧ್ಯಾಪಕರಾಗಿ, ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದ ಡಾ. ಎಂ. ಗೌರಿದೇವಿ ಅವರು.

ವಿಶಾಖಪಟ್ಟಣ, ವಿಜಯವಾಡಗಳಿಗೆ ನಿಮ್ಹಾನ್ಸ್ ಹೊಸ ಹೆಸರಲ್ಲ. ಎರಡೂ ಊರುಗಳನ್ನು ಹಾದು ಬೆಂಗಳೂರಿಗೆ ಹೋಗುವ ಪ್ರಶಾಂತಿ ಎಕ್ಸ್‌ಪ್ರೆಸ್‌ನಲ್ಲಿ ಕಡತ, ಸ್ಕ್ಯಾನ್ ಫಿಲ್ಮು ಹಿಡಿದು ಕುಳಿತ ರೋಗಿಗಳನ್ನು ಕಾಣುವುದು ಅಪರೂಪವೇನಲ್ಲ. ಹೊರಡುವ ಮುನ್ನ ಪರಿಚಯದ ಕನ್ನಡಿಗರನ್ನು ವಿಚಾರಿಸುವುದೂ ರೂಢಿ. ಹಾಗೆ ವಿಚಾರಿಸಿದವರಿಗೆ ಹೇಳಬೇಕಾದ ಸಂಗತಿ ಇದು.

ತಂತಿಯಲ್ಲೋ, ಮೂಲದಲ್ಲೋ?

ಮಿದುಳು ಮತ್ತು ಬೆನ್ನುಹುರಿಯಿಂದ ಹೊರಟು ಕೈಕಾಲುಗಳಿಗೆ ಹರಡುವ ನರಗಳು ಮನೆಯ ವಿದ್ಯುತ್ ತಂತಿಗಳಿದ್ದಂತೆ. ದೀಪ ಉರಿಯದಿದ್ದರೆ ತಂತಿ ಕೆಟ್ಟಿರಬಹುದು, ವಿದ್ಯುತ್ ಬರುವ ಮೂಲದಲ್ಲೇ ತೊಂದರೆ ಇರಬಹುದು. ಕುಷ್ಠದಲ್ಲಿ ಕೆಡುವುದು ತಂತಿ. ಮೊಣಕೈ ಬಳಿಯ ನರ ದಪ್ಪವಾಗಿ ಕೈಗೆ ಸಿಗಬಹುದು, ಚರ್ಮದಲ್ಲಿ ಸ್ಪರ್ಶಜ್ಞಾನ ಹೋಗಿ ಬಿಸಿ ತಣ್ಣಗೆ ತಿಳಿಯದಾಗುತ್ತದೆ. ಮೇಲೆ ಹೇಳಿದ ಹುಡುಗನ ಕೈಯಲ್ಲಾದರೋ ಮಾಂಸಖಂಡ ಕರಗಿದ್ದರೂ ಸ್ಪರ್ಶ ಹಾಗೆಯೇ ಉಳಿದಿರುತ್ತದೆ. ತೊಂದರೆ ಇರುವುದು ಬೆನ್ನುಹುರಿಯ ಮುಂಭಾಗದ ಚಾಲಕ ಜೀವಕೋಶಗಳಲ್ಲಿ.

ನರದ ಮೇಲೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು ಅದು ಎಷ್ಟು ವೇಗವಾಗಿ ಹರಿಯುತ್ತದೆಂದು ಅಳೆಯುವ ಪರೀಕ್ಷೆ ಮತ್ತು ಮಾಂಸಖಂಡಕ್ಕೆ ಸೂಜಿ ಚುಚ್ಚಿ ಮಾಡುವ ಇಎಂಜಿ ಈ ವ್ಯತ್ಯಾಸವನ್ನು ಹಿಡಿದುಕೊಡುತ್ತವೆ. ಈ ಕ್ಷೇತ್ರದಲ್ಲಿ ಪಳಗಿದ ಡಾ. ಗೌರಿದೇವಿ ಅವರು ಕುಷ್ಠರೋಗಿಗಳ ಕಿವಿಯ ಬಳಿಯ ನರದ ವಹನವನ್ನೂ 1980ರ ದಶಕದಲ್ಲೇ ಅಧ್ಯಯನ ಮಾಡಿದ್ದರು.

23 ರೋಗಿಗಳಿಂದ 279ಕ್ಕೆ

ಒಂದೇ ಕೈ ಸೊರಗುವ ಯುವಕರ ಬಗ್ಗೆ ಮೊದಲು ಬರೆದವರು ಜಪಾನಿನ ಹಿರಯಾಮ ಮತ್ತು ಸಂಗಡಿಗರು. ಅದು 1959ರಲ್ಲಿ, 12 ರೋಗಿಗಳನ್ನು ಆಧರಿಸಿ. ಇಪ್ಪತ್ತೈದು ವರ್ಷಗಳ ನಂತರ, 1984ರಲ್ಲಿ, ಡಾ. ಗೌರಿದೇವಿ ಅವರು ಟಿ.ಜಿ. ಸುರೇಶ್ ಮತ್ತು ಎಸ್.ಕೆ. ಶಂಕರ್ ಅವರೊಂದಿಗೆ 23 ರೋಗಿಗಳ ವಿವರವನ್ನು ಅಮೆರಿಕದ ‘ಆರ್ಕೈವ್ಸ್ ಆಫ್ ನ್ಯೂರಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಪಾನಿನವರು ಕೈಯ ಬಗ್ಗೆ ಹೇಳಿದ್ದರೆ, ಇಲ್ಲಿ ಕೆಲವರಿಗೆ ಒಂದೇ ಕಾಲು ಸೊರಗಿತ್ತು. ಕೈ ಕಾಲು ಎರಡಕ್ಕೂ ಸಲ್ಲುವಂತೆ ‘ಮೊನೊಮೆಲಿಕ್ ಅಮಯೋಟ್ರೊಫಿ’, ಅಂದರೆ ಒಂದೇ ಅವಯವದ ಮಾಂಸಖಂಡ ಕ್ಷೀಣಿಸುವ ರೋಗ ಎಂಬ ಹೆಸರನ್ನು ಅವರು ಬಳಸಿದರು. ಇಂದಿಗೂ ವೈದ್ಯಗ್ರಂಥಗಳಲ್ಲಿ ಆ ಹೆಸರು ಚಾಲ್ತಿಯಲ್ಲಿದೆ.

ಆದರೆ ‘ಈ ಕಾಯಿಲೆ ನಿಂತುಹೋಗುತ್ತದೆ’ ಎಂದು ರೋಗಿಗೆ ಭರವಸೆ ಕೊಡಲು ಒಂದು ಭೇಟಿಯ ತಪಾಸಣೆ ಸಾಲದು. ಅದೇ ರೋಗಿ ವರ್ಷಗಳ ನಂತರ ಮರಳಿ ಬರಬೇಕು. ಹಳೆಯ ಕಡತ ತೆಗೆದು ಅಂದಿನ ಕೈಯನ್ನೂ ಇಂದಿನ ಕೈಯನ್ನೂ ಹೋಲಿಸಬೇಕು. ನಿಮ್ಹಾನ್ಸ್‌ನಲ್ಲಿ ನಡೆದದ್ದು ಈ ತಾಳ್ಮೆಯ ಕೆಲಸ. 1976ರಿಂದ 2010ರವರೆಗೆ, 35 ವರ್ಷಗಳಲ್ಲಿ ಕಂಡ 279 ರೋಗಿಗಳ ವಿವರವನ್ನು ಡಾ. ಎ. ನಳಿನಿ, ಡಾ. ಗೌರಿದೇವಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. ನಿಮ್ಹಾನ್ಸ್ ರೂಪುಗೊಂಡದ್ದು 1974ರಲ್ಲಿ ಎಂಬುದನ್ನು ನೆನೆದರೆ, ಸಂಸ್ಥೆಯ ಬಾಲ್ಯದಿಂದಲೇ ಕಡತಗಳನ್ನು ಜತನದಿಂದ ಕಾಪಾಡಿಕೊಂಡು ಬಂದದ್ದು ತಿಳಿಯುತ್ತದೆ.

ರೋಗಿಗಳಲ್ಲಿ ಬಹುಪಾಲು ಯುವಕರು. ಕಾಯಿಲೆ ಕೆಲವು ವರ್ಷ ನಿಧಾನವಾಗಿ ಹೆಚ್ಚಿ ಬಳಿಕ ನಿಲ್ಲುತ್ತದೆ. ಕರಗಿದ ಮಾಂಸಖಂಡ ಮರಳಿ ಬರುವುದು ಕಷ್ಟ, ಆದರೆ ಜೀವಕ್ಕೆ ಅಪಾಯವಿಲ್ಲ. ಓದು, ಉದ್ಯೋಗ, ಮದುವೆ ಎಲ್ಲವೂ ಮುಂದೆ ಇರುವ ಹುಡುಗನಿಗೆ ಇದಕ್ಕಿಂತ ದೊಡ್ಡ ಮಾತು ಬೇರೇನಿದೆ?

ಕುತ್ತಿಗೆಯ ನಂಟು

ಕೈ ಸೊರಗುವವರಲ್ಲಿ ಕಾರಣ ಕುತ್ತಿಗೆಯಲ್ಲಿದೆ ಎಂಬುದು ಎಂಆರ್‌ಐ ಬಂದ ಮೇಲೆ ಸ್ಪಷ್ಟವಾಯಿತು. ಕುತ್ತಿಗೆ ಮುಂದಕ್ಕೆ ಬಾಗಿದಾಗ ಬೆನ್ನುಹುರಿಯ ಹೊದಿಕೆ ಮುಂದಕ್ಕೆ ಸರಿದು ಹುರಿಯನ್ನು ಒತ್ತುತ್ತದೆ. ನೇರವಾಗಿ ಮಲಗಿಸಿ ತೆಗೆದ ಚಿತ್ರದಲ್ಲಿ ಇದು ಕಾಣದೇ ಹೋಗಬಹುದು, ಕುತ್ತಿಗೆ ಬಾಗಿಸಿ ತೆಗೆದ ಚಿತ್ರವೇ ಬೇಕು. ಬೇಗ ಪತ್ತೆಯಾದರೆ ಕುತ್ತಿಗೆಗೆ ಕಾಲರ್ ಹಾಕಿಸಿ ಬಾಗುವುದನ್ನು ತಡೆಯುವುದರಿಂದ ಮುಂದಿನ ಹಾನಿಯನ್ನು ತಗ್ಗಿಸಬಹುದು. ಆಯ್ದ ರೋಗಿಗಳಿಗೆ ಶಸ್ತ್ರಚಿಕಿತ್ಸೆಯೂ ಉಂಟು. ಒಂದೇ ಕಾಲು ಸೊರಗುವುದಕ್ಕೆ ಮಾತ್ರ ಈ ಕುತ್ತಿಗೆಯ ವಿವರಣೆ ಹೊಂದುವುದಿಲ್ಲ. ಆ ಪ್ರಶ್ನೆ ಇನ್ನೂ ತೆರೆದೇ ಇದೆ.

ಹಳ್ಳಿಯ ರೋಗಿ, ಪಟ್ಟಣದ ತಜ್ಞ

ಡಾ. ಗೌರಿದೇವಿ ಅವರ ಕೆಲಸ ಆಸ್ಪತ್ರೆಯ ಗೋಡೆಯೊಳಗೇ ಉಳಿಯಲಿಲ್ಲ. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ 1,02,557 ಜನರ ಸಮೀಕ್ಷೆಯನ್ನು ಅವರ ತಂಡ ನಡೆಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿತು. ನರಸಂಬಂಧಿ ಕಾಯಿಲೆಗಳು ಹಳ್ಳಿಗಳಲ್ಲಿ ಲಕ್ಷಕ್ಕೆ 4,070, ನಗರದಲ್ಲಿ ಲಕ್ಷಕ್ಕೆ 2,190. ಹಳ್ಳಿಯಲ್ಲಿ ಸುಮಾರು ಎರಡು ಪಟ್ಟು ರೋಗ. ತಜ್ಞರು, ಯಂತ್ರಗಳು ಮಾತ್ರ ಪಟ್ಟಣದಲ್ಲಿ. ಕೃಷ್ಣಾ ತೀರದ, ಉತ್ತರಾಂಧ್ರದ ಹಳ್ಳಿಗಳವರೂ ಚಿಕಿತ್ಸೆಗೆ ಪಟ್ಟಣದ ದಾರಿ ಹಿಡಿಯುವುದನ್ನು ಕಂಡವರಿಗೆ ಈ ಅಂತರವನ್ನು ವಿವರಿಸಿ ಹೇಳಬೇಕಿಲ್ಲ.

ಗಮನಿಸಬೇಕಾದದ್ದು

ಕೈ ಸೊರಗಿದ ತಕ್ಷಣ ಬೆಂಗಳೂರಿಗೇ ಓಡಬೇಕೆಂದಿಲ್ಲ. ವಿಶಾಖಪಟ್ಟಣದಲ್ಲೂ ವಿಜಯವಾಡದಲ್ಲೂ ನರರೋಗ ತಜ್ಞರಿದ್ದಾರೆ. ಬೆರಳುಗಳ ಬಲ ಕುಗ್ಗಿದರೆ, ಅದರಲ್ಲೂ ಚಳಿಯಲ್ಲಿ ಅದು ಹೆಚ್ಚಿದರೆ, ತಡಮಾಡದೆ ತೋರಿಸಬೇಕು. ಸ್ಪರ್ಶ ತಿಳಿಯದಿದ್ದರೆ ಕುಷ್ಠದ ತಪಾಸಣೆಗೆ ಸಂಕೋಚ ಬೇಡ. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧವಿದೆ, ಬೇಗ ಆರಂಭಿಸಿದರೆ ಕೈ ಉಳಿಯುತ್ತದೆ. ಇನ್ನು ಕೆಲವೇ ದಿನಗಳಲ್ಲಿ ಎರಡೂ ಕಾಲುಗಳ ಬಲ ಕುಸಿದರೆ ಅದು ಬೇರೆಯೇ ತುರ್ತು, ಅದೇ ದಿನ ದೊಡ್ಡ ಆಸ್ಪತ್ರೆ ಸೇರಬೇಕು.

ಎಲ್ಲಿಗೆ ಹೋದರೂ ಹಳೆಯ ವರದಿಗಳನ್ನು ಎಸೆಯದೆ ಜೊತೆಗೆ ಒಯ್ಯಬೇಕು, ಮರಳಿ ಬನ್ನಿ ಎಂದು ವೈದ್ಯರು ಹೇಳಿದ ದಿನ ತಪ್ಪದೆ ಹೋಗಬೇಕು. ಅಂದು 279 ಮಂದಿಯ ಕಡತಗಳು ಉಳಿದುದರಿಂದಲೇ ಇಂದು ಕೈ ಸೊರಗಿದ ಹುಡುಗನ ತಾಯಿಗೆ ‘ಹೆದರಬೇಡಿ ಅಮ್ಮ, ಇದು ನಿಲ್ಲುತ್ತದೆ’ ಎಂದು ವೈದ್ಯರು ಧೈರ್ಯವಾಗಿ ಹೇಳಬಲ್ಲರು.