ಮೊಬೈಲ್ ಖಾತೆಯ ಹಣ ತಾನಾಗಿ ಕರಗುವುದೇಕೆ?

ಮೊಬೈಲಿನಿಂದ ಯಾರಿಗೂ ಕರೆ ಮಾಡಿಲ್ಲ. ಆದರೂ ಖಾತೆಯಲ್ಲಿದ್ದ ಹಣ ದಿನಕ್ಕೆ ಒಂದೆರಡು ರೂಪಾಯಿಯಂತೆ ಕಡಿಮೆಯಾಗುತ್ತಿದೆ. ಜೊತೆಗೆ ರಾಶಿಫಲ, ಕ್ರಿಕೆಟ್ ಸ್ಕೋರು, ನಗೆಹನಿ ಹೊತ್ತ ಎಸ್ಸೆಮ್ಮೆಸ್‌ಗಳು ಬರುತ್ತಿವೆ. ಅವನ್ನು ಅಳಿಸಿಹಾಕಿದರೆ ತೊಂದರೆ ತಪ್ಪಿತೆಂದು ಹಲವರು ಭಾವಿಸುತ್ತಾರೆ. ಹಣ ಎಲ್ಲಿಂದ ಹೋಗುತ್ತದೆ ಎಂಬುದನ್ನು ಅರಿತರೆ ಈ ಉಪಾಯ ಏಕೆ ಫಲಿಸದೆಂದು ತಿಳಿಯುತ್ತದೆ.

ಪ್ರೀಪೇಯ್ಡ್ ಹಣ ಫೋನಿನಲ್ಲಾಗಲಿ ಸಿಮ್ ಕಾರ್ಡಿನಲ್ಲಾಗಲಿ ಇರುವುದಿಲ್ಲ. ಅದು ಕಂಪೆನಿಯ ಗಣಕದಲ್ಲಿ ನಿಮ್ಮ ಸಂಖ್ಯೆಯ ಎದುರು ದಾಖಲಾಗಿರುವ ಒಂದು ಮೊತ್ತ. ಸಂದೇಶ ಬಂದ ಮಾತ್ರಕ್ಕೆ ಅದು ಕಡಿತವಾಗುವುದಿಲ್ಲ. 'ಈ ಸಂಖ್ಯೆಯವರು ಈ ಸೇವೆಗೆ ಒಪ್ಪಿದ್ದಾರೆ' ಎಂಬ ಇನ್ನೊಂದು ದಾಖಲೆ ಅದೇ ವ್ಯವಸ್ಥೆಯಲ್ಲಿ ಇರುವುದರಿಂದ ಕಡಿತವಾಗುತ್ತದೆ. ಅವಧಿ ಮುಗಿದಾಗಲೆಲ್ಲ ಚಂದಾ ತಾನಾಗಿ ನವೀಕರಣಗೊಳ್ಳುತ್ತದೆ. ಪೋಸ್ಟ್‌ಪೇಯ್ಡ್ ಆದರೆ ತಿಂಗಳ ಬಿಲ್ಲಿಗೆ ಸೇರುತ್ತದೆ. ಸಂದೇಶ ಅಳಿಸಿದರೂ, ಹೊಸ ಫೋನು ಕೊಂಡರೂ ಆ ದಾಖಲೆ ಅಳಿಯದು. ಚಂದಾ ದಿನಕ್ಕೆ 3 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1095 ರೂಪಾಯಿ!

ಹಾಗಾದರೆ ಒಪ್ಪಿದ್ದು ಯಾವಾಗ? ಕಿರುಸಂಖ್ಯೆಯೊಂದರಿಂದ ಬಂದ ಸಂದೇಶಕ್ಕೆ ಒಂದಕ್ಷರದ ಉತ್ತರ ಕಳಿಸಿರಬಹುದು. ಧ್ವನಿಮುದ್ರಿತ ಕರೆಯಲ್ಲಿ ಹೇಳಿದಂತೆ 1 ಒತ್ತಿರಬಹುದು. ಗೆಳೆಯರ ಕಾಲರ್ ಟ್ಯೂನ್ ಕೇಳುತ್ತ ನಕ್ಷತ್ರದ ಗುಂಡಿ ಒತ್ತಿರಬಹುದು, ಅಥವಾ ಪರದೆಯ ಮೇಲೆ ತಟ್ಟನೆ ಮೂಡಿದ ಪ್ರಶ್ನೆಗೆ ಓದದೆ 'ಓಕೆ' ಎಂದಿರಬಹುದು. ಗಣಕದ ಪಾಲಿಗೆ ಇವೆಲ್ಲ ಆದೇಶಗಳೇ. ಮೊಬೈಲ್ ಡೇಟಾ ಬಳಸಿ ಜಾಲತಾಣ ನೋಡುವಾಗ ಇನ್ನೂ ಎಚ್ಚರ ಬೇಕು. ಬೇಡಿಕೆ ಯಾವ ಸಂಖ್ಯೆಯಿಂದ ಬಂತೆಂಬುದು ಕಂಪೆನಿಯ ಜಾಲಕ್ಕೆ ಗೊತ್ತಿರುವುದರಿಂದ ನೀವು ಸಂಖ್ಯೆಯನ್ನು ನಮೂದಿಸುವ ಅಗತ್ಯವೇ ಬೀಳದಿರಬಹುದು. ವೈಫೈ ಮೂಲಕ ಹೋದಾಗ ಈ ಗುರುತು ಹಾಗೆ ಸಿಗುವುದಿಲ್ಲ.

ಸೇರಿಸುವುದೂ ರದ್ದುಮಾಡುವುದೂ ಗಣಕಕ್ಕೆ ಒಂದೇ ಬಗೆಯ ಕೆಲಸ. ಸೇರುವುದು ಸುಲಭ, ಬಿಡುವುದು ಕಷ್ಟ ಎಂಬಂತಿದ್ದುದು ವ್ಯಾಪಾರದ ಲೆಕ್ಕಾಚಾರ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2013ರ ಜುಲೈನಲ್ಲಿ ಇದಕ್ಕೆ ಕಡಿವಾಣ ಹಾಕಿತು. ಗ್ರಾಹಕರು ಎರಡನೆಯ ಬಾರಿ ದೃಢಪಡಿಸದ ಹೊರತು ಇಂಥ ಸೇವೆಗೆ ಹಣ ಕಡಿಯುವಂತಿಲ್ಲ. ಆದ್ದರಿಂದ ಕೈತಪ್ಪಿ ಗುಂಡಿ ಒತ್ತಿದ್ದರೂ ಗಾಬರಿ ಬೇಡ. ದೃಢೀಕರಣ ಕೇಳುವ ಸಂದೇಶಕ್ಕೆ ಉತ್ತರಿಸದೆ ಬಿಡಿ. ಚಂದಾ ಈಗಾಗಲೇ ಆರಂಭವಾಗಿದ್ದರೆ ಶುಲ್ಕರಹಿತ ಸಂಖ್ಯೆ 155223ಕ್ಕೆ ಕರೆ ಮಾಡಿ, ಇಲ್ಲವೇ 'ಸ್ಟಾಪ್' ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳಿಸಿ.

ಇಲ್ಲಿ ಒಂದು ಗೊಂದಲ ಸಾಮಾನ್ಯ. 1909ರಲ್ಲಿ ನೋಂದಾಯಿಸಿದರೆ ಜಾಹೀರಾತಿನ ಕರೆ, ಸಂದೇಶಗಳಿಗೆ ತಡೆ ಬೀಳುತ್ತದೆಯೇ ಹೊರತು ಆಗಲೇ ಚಾಲ್ತಿಯಲ್ಲಿರುವ ಚಂದಾ ರದ್ದಾಗುವುದಿಲ್ಲ. 2025ರ ತಿದ್ದುಪಡಿಯ ಪ್ರಕಾರ ಜಾಹೀರಾತು ಸಂದೇಶ ಕಳಿಸುವವರ ಹೆಸರಿನ ಕೊನೆಗೆ ಅಡ್ಡಗೆರೆಯೂ 'ಪಿ' ಎಂಬ ಇಂಗ್ಲಿಷ್ ಅಕ್ಷರವೂ ಇರಬೇಕು. ಉತ್ತರಿಸುವ ಮುನ್ನ ಅದನ್ನು ನೋಡುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಮಾಡಿಸಬಹುದು.

ಕಡಿತವಾದ ಹಣವನ್ನು ಮರಳಿ ಕೇಳಲು ಮೊದಲು ಕಂಪೆನಿಯ ದೂರು ಕೇಂದ್ರಕ್ಕೆ ತಿಳಿಸಿ, ದೂರಿನ ಸಂಖ್ಯೆ ಪಡೆದುಕೊಳ್ಳಿ. ಕಡಿತದ ಸಂದೇಶವನ್ನು ಮಾತ್ರ ಅಳಿಸಬೇಡಿ, ಅದರಲ್ಲಿ ದಿನಾಂಕವೂ ಮೊತ್ತವೂ ಇರುತ್ತವೆ. ಪರಿಹಾರ ದೊರೆಯದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು. ಬಿಡಿ ದೂರುಗಳನ್ನು ಟ್ರಾಯ್ ತಾನೇ ವಿಚಾರಣೆ ನಡೆಸುವುದಿಲ್ಲ.