ಹೆಬ್ಬಾಳ ದಾಟಿದರೆ ಬೀಪ್, ಬೀಪ್!

ಹೆಬ್ಬಾಳ ಫ್ಲೈಓವರ್ ದಾಟಿ ಎಲಿವೇಟೆಡ್ ರಸ್ತೆ ಏರಿದ ಸ್ವಲ್ಪ ಹೊತ್ತಿಗೇ ಕಾರಿನೊಳಗೆ ‘ಬೀಪ್’ ಸದ್ದು ಶುರುವಾಗುತ್ತದೆ. ಗಂಟೆಗೆ 80 ಕಿ.ಮೀ. ಮೀರಿದರೆ ಬಿಟ್ಟು ಬಿಟ್ಟು ಕೂಗುತ್ತದೆ, 120 ಮೀರಿದರೆ ಎಡೆಬಿಡದೆ. 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲೆಲ್ಲ ಈ ಎಚ್ಚರಿಕೆ ಕಡ್ಡಾಯ. ಯಲಹಂಕದ ಮೇಲೆ ಏರ್‌ಪೋರ್ಟಿಗೆ ದಿನವೂ ಓಡಾಡುವವರು ಅದನ್ನು ಬೈದುಕೊಂಡೇ ಒಗ್ಗಿಸಿಕೊಂಡಿದ್ದಾರೆ.

ಅರ್ಧ ಶತಮಾನದ ಹಿಂದೆ ಅಮೆರಿಕದ ಹೆದ್ದಾರಿಗಳಲ್ಲೂ ಕಾರುಗಳು ಹೀಗೇ ಕೂಗುತ್ತಿದ್ದವು. ಆದರೆ ಆ ಸದ್ದು ಬರುತ್ತಿದ್ದದ್ದು ಚಾಲಕರೇ ದುಡ್ಡು ಕೊಟ್ಟು ತಂದು ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿಕೊಂಡ ಪುಟ್ಟ ಪೆಟ್ಟಿಗೆಯಿಂದ. ಅದರ ಹೆಸರು ರೇಡಾರ್ ಡಿಟೆಕ್ಟರ್, ಕೆಲಸ ‘ಮುಂದೆ ಪೊಲೀಸರಿದ್ದಾರೆ’ ಎಂದು ಮೊದಲೇ ಸುಳಿವು ಕೊಡುವುದು. ರೇಡಾರ್ ತಯಾರಿಸುವ ಊರಾದ ಬೆಂಗಳೂರಿನಲ್ಲಿ ಮಾತ್ರ ಆ ಪೆಟ್ಟಿಗೆ ಬೇರು ಬಿಡಲಿಲ್ಲ. ಅದೇಕೆ ಎನ್ನುವುದೇ ಈ ಕಥೆ.

ಸೀಟಿಯಿಂದ ರೇಡಾರಿಗೆ

ಯಶವಂತಪುರದಲ್ಲಿ ನಿಲ್ಲದೆ ಸಾಗುವ ಗೂಡ್ಸ್ ರೈಲಿನ ಸೀಟಿ ಹತ್ತಿರ ಬರುವಾಗ ಕೀರಲಾಗಿ, ದಾಟಿಹೋದ ಮೇಲೆ ದಪ್ಪಗೆ ಕೇಳುತ್ತದೆ. ಇದರ ಹಿಂದಿನ ತತ್ತ್ವವನ್ನು 1842ರಲ್ಲಿ ಹೇಳಿದವರು ಆಸ್ಟ್ರಿಯಾದ ವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್. ರೇಡಿಯೊ ಅಲೆಗೂ ಅದೇ ನಿಯಮ. ಓಡುವ ಕಾರಿಗೆ ಬಡಿದು ಮರಳುವ ಅಲೆಯ ಆವರ್ತನ ತುಸು ಬದಲಾಗಿರುತ್ತದೆ. 24.15 ಗಿಗಾಹರ್ಟ್ಸ್ ರೇಡಾರಿನ ಎದುರು 80 ಕಿ.ಮೀ. ವೇಗದಲ್ಲಿ ಕಾರು ಬಂದರೆ ಆ ವ್ಯತ್ಯಾಸ ಸುಮಾರು 3,580 ಹರ್ಟ್ಸ್. ಅದನ್ನು ಅಳೆದರೆ ವೇಗ ಸಿಕ್ಕಿತು.

ಉತ್ತರ ಬೆಂಗಳೂರಿಗೆ ಇದು ಮನೆಯಂಗಳದ ವಿದ್ಯೆ. 1954ರಲ್ಲಿ ಸ್ಥಾಪನೆಯಾದ ಜಾಲಹಳ್ಳಿಯ ಬಿಇಎಲ್ ಸೇನೆಗಾಗಿ ರೇಡಾರ್ ತಯಾರಿಸುತ್ತದೆ. ಪೀಣ್ಯದಲ್ಲಿರುವ ಇಸ್ರೊದ ಇಸ್ಟ್ರಾಕ್ ಕೇಂದ್ರ ಗಗನನೌಕೆಗಳ ವೇಗ ತಿಳಿಯಲು ನೆಚ್ಚಿಕೊಂಡಿರುವುದೂ ಇದೇ ಡಾಪ್ಲರ್ ತತ್ತ್ವವನ್ನು.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಪೊಲೀಸರು ರೇಡಾರನ್ನು ರಸ್ತೆಬದಿಗೆ ತಂದರು. ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಇಂಧನ ಉಳಿಸಲೆಂದು 1974ರಲ್ಲಿ ಅಲ್ಲಿ ದೇಶಕ್ಕೆಲ್ಲ ಒಂದೇ ವೇಗಮಿತಿ ಬಂತು: ಗಂಟೆಗೆ 55 ಮೈಲಿ, ನಮ್ಮ ಲೆಕ್ಕದಲ್ಲಿ 88 ಕಿ.ಮೀ. ಚಿಲ್ಲರೆ. ಉದ್ದುದ್ದದ ಖಾಲಿ ರಸ್ತೆಗಳಲ್ಲಿ ಆ ಮಿತಿ ಯಾರಿಗೂ ರುಚಿಸಲಿಲ್ಲ. ಪೊಲೀಸರ ವೇಗದ ಬಲೆಗೆ ಬಿದ್ದು ಸಿಟ್ಟಾಗಿದ್ದ ಓಹಿಯೊದ ಡೇಲ್ ಸ್ಮಿತ್ ‘ಫಜ್‌ಬಸ್ಟರ್’ ಎಂಬ ಡಿಟೆಕ್ಟರ್ ರೂಪಿಸಿದ್ದರು. ಅದು ಬಿಸಿ ದೋಸೆಯಂತೆ ಖರ್ಚಾಯಿತು. 1978ರಲ್ಲಿ ಇನ್ನೂ ಚುರುಕಾದ ‘ಎಸ್ಕಾರ್ಟ್’ ಬಂತು.

ಚಾಪೆ ಮತ್ತು ರಂಗೋಲಿ

ಒಬ್ಬ ಚಾಪೆ ಕೆಳಗೆ ತೂರಿದರೆ ಇನ್ನೊಬ್ಬ ರಂಗೋಲಿ ಕೆಳಗೆ ತೂರುವ ಆಟ ಅಲ್ಲಿಂದ ಶುರು. ಡಿಟೆಕ್ಟರ್ ಗುರುತಿಸುವ ತರಂಗವನ್ನು ಬಿಟ್ಟು ಪೊಲೀಸರು ಬೇರೆ ತರಂಗಕ್ಕೆ ಹೋದರು; ತಯಾರಕರು ಅದಕ್ಕೂ ಕಿವಿ ಕೊಡುವ ಪೆಟ್ಟಿಗೆ ತಂದರು. ವರ್ಜೀನಿಯಾ ರಾಜ್ಯ ಮತ್ತು ವಾಷಿಂಗ್ಟನ್ ನಗರ ಡಿಟೆಕ್ಟರನ್ನೇ ನಿಷೇಧಿಸಿದವು. ಬಚ್ಚಿಟ್ಟುಕೊಂಡವರನ್ನು ಹಿಡಿಯಲು ಡಿಟೆಕ್ಟರಿನಿಂದ ಸೋರುವ ಕ್ಷೀಣ ಅಲೆಯನ್ನೇ ಪತ್ತೆ ಮಾಡುವ ಯಂತ್ರ ಪೊಲೀಸರ ಕೈಗೆ ಬಂತು.

ಆಟ ಕೆಡಿಸಿದ್ದು ಲೇಸರ್ ಗನ್. ರೇಡಾರಿನ ಅಲೆ ರಸ್ತೆಯುದ್ದಕ್ಕೂ ಹರಡುವುದರಿಂದ ದೂರದಲ್ಲಿರುವಾಗಲೇ ಅದರ ವಾಸನೆ ಹಿಡಿಯಬಹುದು. ಲೇಸರ್ ಕಿರಣ ಹಾಗೆ ಹರಡುವುದಿಲ್ಲ. ಮುನ್ನೂರು ಮೀಟರ್ ದೂರದಲ್ಲೂ ಒಂದೇ ಕಾರಿನ ಮೇಲೆ ಬೀಳುವಷ್ಟು ಕಿರಿದು. ಅರ್ಧ ಸೆಕೆಂಡಿನೊಳಗೆ ಅಳತೆ ಮುಗಿದಿರುತ್ತದೆ. ಡಿಟೆಕ್ಟರ್ ಕೂಗುವ ಹೊತ್ತಿಗೆ ದಂಡ ಬಿದ್ದಾಗಿರುತ್ತದೆ.

ಬೆಂಗಳೂರಿಗೆ ವೇಗ ಬಂದದ್ದೇ ಈ ಲೇಸರ್ ಕಾಲದಲ್ಲಿ. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯುವ ತನಕ ಬಳ್ಳಾರಿ ರಸ್ತೆ ದ್ರಾಕ್ಷಿ ತೋಟಗಳ ನಡುವೆ ಸಾಗುವ ಹೆದ್ದಾರಿಯಾಗಿತ್ತು. ‘ಮುಂದೆ ಪೊಲೀಸ್’ ಎಂದು ತಿಳಿಸಲು ಎದುರಿನ ಲಾರಿಯವನು ಎರಡು ಸಲ ಹೆಡ್‌ಲೈಟ್ ಮಿಟುಕಿಸುತ್ತಿದ್ದ. ನಮ್ಮ ರೇಡಾರ್ ಡಿಟೆಕ್ಟರ್ ಅದೇ, ಕಾಸಿನ ಖರ್ಚಿಲ್ಲ. ನಿಲ್ದಾಣ ಬಂದ ಮೇಲೆ ವಿಮಾನ ತಪ್ಪೀತೆಂಬ ಅವಸರ ಬಂತು. 2014ರ ಹೊತ್ತಿಗೆ ಹೆಬ್ಬಾಳದಾಚೆಗೆ ಸಿಗ್ನಲ್‌ಗಳಿಲ್ಲದ ಎಲಿವೇಟೆಡ್ ರಸ್ತೆಯೂ ಸಿಕ್ಕಿತು. ನಗರದೊಳಗೆ ತೆವಳಿ ತೆವಳಿ ಬೇಸತ್ತ ಕಾಲು ಅಲ್ಲಿ ತಾನಾಗಿಯೇ ಆಕ್ಸಿಲರೇಟರ್ ಒತ್ತುತ್ತದೆ. ಸಂಚಾರ ಪೊಲೀಸರ ಇಂಟರ್‌ಸೆಪ್ಟರ್ ವಾಹನ ಲೇಸರ್ ಗನ್ ಹಿಡಿದು ಕಾದದ್ದೂ ಇಂಥ ಕಡೆಗಳಲ್ಲೇ. ರೇಡಾರ್ ಕಾಲವನ್ನು ನಾವು ಹಾಗೆ ಹಾರಿಕೊಂಡೇ ಬಂದೆವು. ಡಿಟೆಕ್ಟರ್ ತಂದಿದ್ದರೂ ಪ್ರಯೋಜನವಿರಲಿಲ್ಲ.

ಗುಟ್ಟೇ ಇಲ್ಲದ ಕ್ಯಾಮೆರಾ

ಲೇಸರಿನ ಜೊತೆಗೆ ಕ್ಯಾಮೆರಾ ಬಂತು. ರಸ್ತೆಯ ಕ್ಯಾಮೆರಾಗಳ ಮೂಲಪುರುಷ ಎನಿಸಿಕೊಂಡ ನೆದರ್ಲೆಂಡ್ಸ್‌ನ ಮೌರಿಟ್ಸ್ ಗಾಟ್ಸೊನಿಡೆಸ್ ಸ್ವತಃ ರ‍್ಯಾಲಿ ಚಾಲಕ. 1953ರ ಮಾಂಟೆಕಾರ್ಲೊ ರ‍್ಯಾಲಿ ಗೆದ್ದವರು. ತಿರುವಿನಲ್ಲಿ ಇನ್ನೂ ಜೋರಾಗಿ ಓಡುವುದು ಹೇಗೆಂದು ಅಳೆದುಕೊಳ್ಳಲು ಅವರು ಕಟ್ಟಿದ ಸಾಧನ ಮುಂದೆ ಲೋಕದ ವೇಗಪ್ರಿಯರಿಗೆಲ್ಲ ಮುಳುವಾಯಿತು. ನಂಬರ್ ಪ್ಲೇಟ್ ಓದುವ ಇಂದಿನ ಕ್ಯಾಮೆರಾ ರೇಡಿಯೊ ಅಲೆ ಬಿಡಬೇಕೆಂದೇ ಇಲ್ಲ. ಎರಡು ಕಡೆ ನಂಬರ್ ಓದಿ, ನಡುವಿನ ದೂರವನ್ನು ಹಿಡಿದ ಸಮಯದಿಂದ ಭಾಗಿಸಿದರೂ ಸರಾಸರಿ ವೇಗ ಸಿಗುತ್ತದೆ. ಇಟಲಿಯಲ್ಲಿ 2005ರಿಂದಲೂ ಈ ಪದ್ಧತಿ ಇದೆ. ಇಲ್ಲಿ ಡಿಟೆಕ್ಟರಿಗೆ ಕೇಳಿಸಿಕೊಳ್ಳಲು ಏನೂ ಇಲ್ಲ.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ನಮ್ಮ ಕಾನೂನೇ ಕ್ಯಾಮೆರಾವನ್ನು ಗುಟ್ಟಾಗಿಡಲು ಒಪ್ಪುವುದಿಲ್ಲ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ಪ್ರಕಾರ, ಇಲ್ಲಿ ನಿಗಾ ಇದೆ ಎಂದು ಎದ್ದು ಕಾಣುವ ಫಲಕ ಹಾಕಲೇಬೇಕು. ಗೂಗಲ್ ಮ್ಯಾಪ್ಸ್ ಕೂಡ 2019ರಿಂದ ಭಾರತದಲ್ಲಿ ‘ಮುಂದೆ ಸ್ಪೀಡ್ ಕ್ಯಾಮೆರಾ’ ಎಂದು ತೋರಿಸುತ್ತಿದೆ. ಅಮೆರಿಕದವನು ಡಾಲರ್ ಸುರಿದು ಕೊಂಡ ಮುನ್ಸೂಚನೆ ಯಲಹಂಕದ ಕ್ಯಾಬ್ ಚಾಲಕನ ಮೊಬೈಲಿನಲ್ಲಿ ಪುಕ್ಕಟೆ.

ಇಷ್ಟಾಗಿಯೂ ತೂರುವವರು ತೂರುತ್ತಾರೆ. ನಂಬರ್ ಪ್ಲೇಟ್ ಮಡಚುವುದು, ಒಂದು ಅಂಕಿಗೆ ಟೇಪ್ ಅಂಟಿಸುವುದು, ಮಾಸ್ಕ್ ನೇತುಹಾಕುವುದು ನಮ್ಮ ದೇಸಿ ಉಪಾಯಗಳು. ವೇಗದ ದಂಡ ಒಂದೆರಡು ಸಾವಿರ. ನಂಬರ್ ಮರೆಮಾಚಿ ಸಿಕ್ಕಿಬಿದ್ದರೆ ಮೈಮೇಲೆ ಎಳೆದುಕೊಳ್ಳುವುದು ವಂಚನೆಯ ಕೇಸು. ಇನ್ನು ಕೆಲವರದು ದಂಡ ಕಟ್ಟದೆ ಕೂರುವ ಉಪಾಯ. 2023ರ ಫೆಬ್ರವರಿಯಲ್ಲಿ ಹಳೆಯ ದಂಡಗಳಿಗೆಲ್ಲ ಶೇ 50ರ ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲೇ ಹತ್ತು ದಿನದೊಳಗೆ 120 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಯಿತು. ರಿಯಾಯಿತಿ ಮತ್ತೆ ಮತ್ತೆ ಬಂತು. ಕಾದವನಿಗೆ ಅರ್ಧ, ಕೂಡಲೇ ಕಟ್ಟಿದವನಿಗೆ ಪೂರ್ತಿ ಎಂದಾದರೆ ದಂಡಕ್ಕೆ ಹೆದರುವವರು ಯಾರು? ಈ ಪರಿಪಾಟ ನಿಲ್ಲಬೇಕು.

ದಂಡ ಬಿಗಿಯಾದರೆ ಏನಾಗುತ್ತದೆ ಎನ್ನಲು ಬೆಂಗಳೂರು–ಮೈಸೂರು ಹೆದ್ದಾರಿ ಸಾಕ್ಷಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಆ ರಸ್ತೆಯಲ್ಲಿ ಸಾಲು ಸಾಲು ಸಾವು ಕಂಡ ಮೇಲೆ ಕ್ಯಾಮೆರಾಗಳು ಬಂದವು. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ಕಿ.ಮೀ. ಮೀರಿದವರ ಮೇಲೆ ಎಫ್‌ಐಆರ್ ಹಾಕುವುದಾಗಿ ಪೊಲೀಸರು ಸಾರಿದರು. ಸಾವಿನ ಸಂಖ್ಯೆ ಗಣನೀಯವಾಗಿ ಇಳಿಯಿತು.

ಮೂರು ನಿಮಿಷದ ಲೆಕ್ಕ

ಕೊನೆಗೆ ಈ ತೂರಾಟದಿಂದ ಗಿಟ್ಟುವುದೇನು? ಏರ್‌ಪೋರ್ಟ್ ರಸ್ತೆಯಲ್ಲಿ 20 ಕಿ.ಮೀ. ದೂರವನ್ನು 80ರ ವೇಗದಲ್ಲಿ ಹೋದರೆ 15 ನಿಮಿಷ, 100ರಲ್ಲಿ 12. ಉಳಿಯುವುದು ಮೂರು ನಿಮಿಷ, ಅದೂ ದಾರಿ ಪೂರ್ತಿ ಖಾಲಿ ಇದ್ದರೆ. ಅದಕ್ಕೆ ತೆರುವ ಬೆಲೆಯೂ ಇದೆ: ವೇಗ 80ರಿಂದ 100ಕ್ಕೆ ಏರಿದರೆ ಡಿಕ್ಕಿಯ ಹೊಡೆತದ ಶಕ್ತಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಉಳಿಸಿದ ಆ ಮೂರು ನಿಮಿಷವನ್ನು ವಾಪಸ್ ಬರುವಾಗ ಹೆಬ್ಬಾಳ ಜಂಕ್ಷನ್ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಡಿಟೆಕ್ಟರ್ ಬೇಕೆನ್ನುವವರಿಗೆ ಕಾರಿನ ಕಂಪನಿಯೇ ಒಂದನ್ನು ಕೂರಿಸಿ ಕೊಟ್ಟಿದೆ. ಅದು ‘ಬೀಪ್’ ಎಂದಾಗ ಪೊಲೀಸರಿಗಾಗಿ ಹುಡುಕಬೇಡಿ, ಕಾಲು ಸಡಿಲಿಸಿ.